ಸಂದರ್ಭ ನೋಡಿಕೊಳ್ಳಿ ಅಂದರೆ ಸಾಲದು

ಇಂಗ್ಲಿಷಿನ ಮಾತೊಂದು ಎರಡು ಅರ್ಥ ಕೊಟ್ಟಾಗ ‘ಸಂದರ್ಭ ನೋಡಿ ತಿಳಿದುಕೊಳ್ಳಿ’ ಎನ್ನುವುದು ಮೇಷ್ಟ್ರುಗಳ ಸಿದ್ಧ ಉತ್ತರ. ಕಥೆ, ಕಾದಂಬರಿಗೆ ಅಷ್ಟು ಸಾಕು. ಆಡುವವರ ಸಂದರ್ಭವೇ ಬೇರೆ, ಕೇಳುವವರದ್ದೇ ಬೇರೆಯಾದರೆ?

1977ರ ಮಾರ್ಚ್ 27. ಸ್ಪೇನ್‌ಗೆ ಸೇರಿದ ಟೆನೆರಿಫ್ ದ್ವೀಪದ ಲಾಸ್ ರೋಡಿಯೋಸ್ ವಿಮಾನ ನಿಲ್ದಾಣ. ಪಕ್ಕದ ದ್ವೀಪದ ನಿಲ್ದಾಣದಲ್ಲಿ ಬಾಂಬ್ ಸಿಡಿದಿದ್ದರಿಂದ ಅಲ್ಲಿಗೆ ಹೋಗಬೇಕಿದ್ದ ವಿಮಾನಗಳೆಲ್ಲ ಇಲ್ಲಿ ಬಂದು ತುಂಬಿಕೊಂಡಿದ್ದವು. ಸಾಲದ್ದಕ್ಕೆ ದಟ್ಟ ಮಂಜು. ರನ್‌ವೇಯ ಒಂದು ತುದಿಯಲ್ಲಿ ಡಚ್ ಕಂಪನಿ ಕೆಎಲ್‌ಎಂನ ಜಂಬೋ ಜೆಟ್, ಅದೇ ರನ್‌ವೇಯಲ್ಲಿ ಅಮೆರಿಕದ ಪ್ಯಾನ್ ಆಮ್‌ನ ಇನ್ನೊಂದು ಜಂಬೋ. ಒಂದಕ್ಕೊಂದು ಕಾಣದು, ಕಂಟ್ರೋಲ್ ಟವರಿಗೆ ಎರಡೂ ಕಾಣವು.

ಕೆಎಲ್‌ಎಂನ ಸಹಪೈಲಟ್ ರೇಡಿಯೋದಲ್ಲಿ ‘ವಿ ಆರ್ ನೌ ಅಟ್ ಟೇಕಾಫ್’ ಎಂದರು. ಹೊರಡುವ ಜಾಗದಲ್ಲಿ ನಿಂತು ಅನುಮತಿಗೆ ಕಾಯುತ್ತಿದ್ದಾರೆ ಎಂದುಕೊಂಡಿತು ಟವರ್. ವಿಮಾನ ಆಗಲೇ ಓಡತೊಡಗಿತ್ತು! ನಡೆಯುತ್ತಿರುವ ಕ್ರಿಯೆಯನ್ನು ಹೇಳಲು ಡಚ್ ಭಾಷೆಯಲ್ಲಿ ಇಂಥದೇ ಕಟ್ಟು ಇದೆ, ಅದು ಅವರ ಇಂಗ್ಲಿಷಿನೊಳಗೆ ನುಸುಳಿತು ಎಂಬುದು ಒಂದು ವಿವರಣೆ. (ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಮಾತಾಡುವವರಿಗೆ ಇದರಲ್ಲಿ ಅಚ್ಚರಿಯೇನಿಲ್ಲ.) ಟವರ್ ‘ಓಕೆ’ ಎಂದು, ಕ್ಷಣ ಬಿಟ್ಟು, ಕಾಯಿರಿ, ಕರೆಯುತ್ತೇನೆ ಎಂದಿತು. ಅದೇ ಹೊತ್ತಿಗೆ ಪ್ಯಾನ್ ಆಮ್ ಕೂಡ ಮಾತಾಡಿತು. ಕೆಎಲ್‌ಎಂ ಕಾಕ್‌ಪಿಟ್‌ಗೆ ಸರಿಯಾಗಿ ಕೇಳಿದ್ದು ‘ಓಕೆ’ ಮಾತ್ರ, ಉಳಿದದ್ದರ ಮೇಲೆ ಕಿರ್ರೆನ್ನುವ ಸದ್ದು. ಪ್ಯಾನ್ ಆಮ್ ಇನ್ನೂ ದಾರಿ ಬಿಟ್ಟಿಲ್ಲವೇ ಎಂದು ಫ್ಲೈಟ್ ಎಂಜಿನಿಯರ್ ಕೇಳಿದ್ದನ್ನು ಕ್ಯಾಪ್ಟನ್ ತಳ್ಳಿಹಾಕಿದರು.

ಎರಡೂ ವಿಮಾನಗಳು ಡಿಕ್ಕಿ ಹೊಡೆದವು. 583 ಜನ ಸತ್ತರು.

ತಪ್ಪೆಲ್ಲ ಭಾಷೆಯದಲ್ಲ. ಅನುಮತಿ ಸಿಗುವ ಮೊದಲೇ ಹೊರಟದ್ದು ದೊಡ್ಡ ತಪ್ಪು. ಆದರೆ ಆ ಮಾತಿಗೆ ಒಂದೇ ಅರ್ಥವಿದ್ದಿದ್ದರೆ ಟವರಿನವರು ಆಗಲೇ ಎಚ್ಚೆತ್ತುಕೊಳ್ಳುತ್ತಿದ್ದರೇನೋ. ವಿಮಾನಯಾನದವರು ಪಾಠ ಕಲಿತರು. ಈಗ ‘ಟೇಕಾಫ್’ ಪದ ಬಳಸುವುದು ಹಾರಲು ಅನುಮತಿ ಕೊಡುವಾಗ ಅಥವಾ ರದ್ದು ಮಾಡುವಾಗ ಮಾತ್ರ, ಮಿಕ್ಕಂತೆ ‘ಡಿಪಾರ್ಚರ್’. ಅನುಮತಿಯನ್ನು ಪೈಲಟ್ ಹಾಗೇ ತಿರುಗಿ ಒಪ್ಪಿಸಬೇಕು, ಬರೀ ‘ಓಕೆ’ ನಡೆಯದು.

ನೆಲದ ಮೇಲಿನ ವ್ಯವಹಾರದಲ್ಲಿ ಈ ಶಿಸ್ತು ಎಲ್ಲಿದೆ? ‘ಬೈವೀಕ್ಲಿ’ ಎಂದರೆ ವಾರಕ್ಕೆರಡು ಸಲವೂ ಹೌದು, ಎರಡು ವಾರಕ್ಕೊಮ್ಮೆಯೂ ಹೌದು. ನಿಘಂಟುಗಳೇ ಎರಡನ್ನೂ ಕೊಡುತ್ತವೆ. ಸೋಮವಾರ ‘ನೆಕ್ಸ್ಟ್ ಫ್ರೈಡೇ’ ಎಂದರೆ ಯಾವ ಶುಕ್ರವಾರ ಎಂಬುದಕ್ಕೆ ಇಂಗ್ಲಿಷ್ ಮನೆಮಾತಿನವರಲ್ಲೇ ಒಮ್ಮತವಿಲ್ಲ. ಔಷಧಿ ಚೀಟಿಯಲ್ಲಿ, ಕಚೇರಿ ನೋಟಿಸಿನಲ್ಲಿ ಇಂಥ ಮಾತು ಹಾಕಿ, ಓದುವವರು ಊಹಿಸಿಕೊಳ್ಳಲಿ ಎಂದು ಬಿಡುವುದು ಬೇಜವಾಬ್ದಾರಿ. ಬರೆಯುವವರು ತಾರೀಖು ಹಾಕಲಿ, ಎಷ್ಟು ದಿನಕ್ಕೊಮ್ಮೆ ಎಂದು ಬಿಡಿಸಿ ಬರೆಯಲಿ. ಅನುಮಾನ ಬಂದರೆ ಓದುವವರೂ ಸಂಕೋಚ ಬಿಟ್ಟು ಕೇಳಲಿ.