ದೊಡ್ಡವಳಾದಳಂತೆ, ಆಟ ಸಾಕಂತೆ

ಹೆಣ್ಣುಮಕ್ಕಳು ಆಡಬಾರದೆಂದು ನಮ್ಮ ದೇಶದಲ್ಲಿ ಯಾವ ಕಾನೂನೂ ಇಲ್ಲ. ಅದರ ಅಗತ್ಯವೂ ಬಿದ್ದಿಲ್ಲ. ಮಗಳು ದೊಡ್ಡವಳಾದಳೆಂದು ನೆರೆಹೊರೆಯವರನ್ನು ಕರೆದು ಆರತಿ ಎತ್ತಿದ ದಿನವೇ, ಚಿಗಳಿ ಉಂಡೆಯ ಜೊತೆಗೆ ಒಂದು ಅಪ್ಪಣೆಯೂ ಸಿಗುತ್ತದೆ: ‘ಇನ್ನು ಕುಣಿದದ್ದು ಸಾಕು.’ ಈ ಅಪ್ಪಣೆ ಕೊಡುವವರು ಊರ ಯಜಮಾನರಲ್ಲ, ಎಷ್ಟೋ ಮನೆಗಳಲ್ಲಿ ಅಪ್ಪಂದಿರೂ ಅಲ್ಲ. ಕೊಡುವವರು ನಾವೇ. ತಾಯಂದಿರು, ಅಜ್ಜಿಯರು, ಸೋದರತ್ತೆಯರು, ಕೊನೆಗೆ ಟೀಚರಮ್ಮಂದಿರು. ಆದ್ದರಿಂದ ಈ ಜಗಳವನ್ನು ನಮ್ಮ ನಮ್ಮಲ್ಲೇ ಆಡಬೇಕಾಗಿದೆ.

ನಾನು ಆಟ ಕಲಿಸುವವಳಲ್ಲ. ಬಿಳಿಗೆರೆ ಸುತ್ತಿನ ಮಕ್ಕಳಿಗೆ ವರ್ಷಗಳಿಂದ ಸಮಾಜ ವಿಜ್ಞಾನ ಹೇಳಿಕೊಡುತ್ತಾ ಬಂದವಳು. ಆದರೆ ತರಗತಿಯ ಕಿಟಕಿಯಿಂದ ಆಟದ ಬಯಲು ಕಾಣುತ್ತದೆ. ಎಂಟನೆಯ ತರಗತಿಯ ಹುಡುಗಿಯರು ಅಲ್ಲಿ ಖೋ ಖೋ ಎಂದು ಕೂಗುತ್ತಾ ಧೂಳೆಬ್ಬಿಸುತ್ತಾರೆ. ಒಂಬತ್ತಕ್ಕೆ ಬಂದಾಗ ಅವರಲ್ಲಿ ಅರ್ಧ ಜನ ಇರುವುದಿಲ್ಲ. ಹತ್ತಕ್ಕೆ ಬಂದವರು ಕಾಂಪೌಂಡಿನ ನೆರಳಲ್ಲಿ ಗೆಳತಿಯರ ಚೀಲ ಕಾಯುತ್ತಾ ಕೂರುತ್ತಾರೆ. ಕಾಲಿನ ಶಕ್ತಿ ಹೋಯಿತೇ? ಇಲ್ಲ. ವಯಸ್ಸು ಹದಿನೈದಾಯಿತು, ಅಷ್ಟೆ.

ಈಗ ಲೋಕದ ಲೆಕ್ಕ ನೋಡಿ. ಫೀಬಾ ಎಂಬ ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ 16 ವರ್ಷದೊಳಗಿನವರಿಗೆ, 18 ವರ್ಷದೊಳಗಿನವರಿಗೆ ಏಷ್ಯಾ ಮಟ್ಟದ ಪಂದ್ಯಾವಳಿ ನಡೆಸುತ್ತದೆ. 17 ಮತ್ತು 19 ವರ್ಷದೊಳಗಿನವರಿಗೆ ವಿಶ್ವಮಟ್ಟದ್ದು ಬೇರೆ. ದೇಶದೇಶಗಳು ತಮ್ಮ ಹುಡುಗಿಯರನ್ನು ರಾಷ್ಟ್ರದ ಅಂಗಿ ತೊಡಿಸಿ ಕಳಿಸುತ್ತವೆ. ಈ ವಯಸ್ಸೇ ಯಾಕೆ? ಕೈಗೆ ಗುರಿ, ಕಾಲಿಗೆ ವೇಗ, ಜೊತೆಯವಳಿಗೆ ಚೆಂಡು ಕೊಡುವ ಬುದ್ಧಿ ಗಟ್ಟಿಯಾಗುವ ಕಾಲ ಅದು. ಲೋಕವೆಲ್ಲ ಯಾವ ವಯಸ್ಸಿನಲ್ಲಿ ಮಗಳನ್ನು ಅಂಗಳಕ್ಕಿಳಿಸುತ್ತದೋ ಸರಿಯಾಗಿ ಅದೇ ವಯಸ್ಸಿನಲ್ಲಿ ನಾವು ಕೈಹಿಡಿದು ಎಳೆದು ಒಳಗೆ ಕೂರಿಸುತ್ತೇವೆ.

ಇದೆಲ್ಲ ಎಲ್ಲೋ ದೂರದ ಮಾತೆಂದು ತಿಳಿಯಬೇಡಿ. ನಾವು ಬೆಳಗಿನ ಬಸ್ಸು ಹಿಡಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಮುಟ್ಟುವ ಬೆಂಗಳೂರಿನಲ್ಲೇ ನಡೆದದ್ದು. 2017ರ ಜುಲೈನಲ್ಲಿ ಮಹಿಳೆಯರ ಏಷ್ಯಾ ಕಪ್ ಅಲ್ಲಿ ನಡೆಯಿತು. ಅದೇ ಅಕ್ಟೋಬರಿನಲ್ಲಿ 16 ವರ್ಷದೊಳಗಿನ ಹುಡುಗಿಯರ ಏಷ್ಯಾ ಪಂದ್ಯಾವಳಿ, 2018ರಲ್ಲಿ 18 ವರ್ಷದೊಳಗಿನವರದು, 2022ರಲ್ಲಿ ಮತ್ತೆ ಅದೇ. ಐದಾರು ವರ್ಷದಲ್ಲಿ ನಾಲ್ಕಕ್ಕೂ ಹೆಚ್ಚು ಸಲ ಏಷ್ಯಾದ ಹೆಣ್ಣುಮಕ್ಕಳು ನಮ್ಮ ರಾಜಧಾನಿಗೆ ಬಂದು ಆಡಿ ಹೋದರು. ಈ ಕೂಟಗಳಲ್ಲಿ ತಂಡಗಳನ್ನು ಎ ಮತ್ತು ಬಿ ಎಂದು ಎರಡು ವಿಭಾಗ ಮಾಡಿರುತ್ತಾರೆ. ಬಿ ವಿಭಾಗ ಗೆದ್ದವರಿಗೆ ಎ ವಿಭಾಗಕ್ಕೆ ಬಡ್ತಿ. 2017ರಲ್ಲಿ ನಮ್ಮ ಹಿರಿಯ ಮಹಿಳೆಯರು ಕಜಕಸ್ತಾನವನ್ನು 75–73ರಿಂದ, ಎರಡೇ ಅಂಕದಲ್ಲಿ ಸೋಲಿಸಿ ಬಿ ವಿಭಾಗ ಗೆದ್ದರು. ಮೂರು ತಿಂಗಳ ಮೇಲೆ ಹದಿನಾರರೊಳಗಿನ ನಮ್ಮ ಹುಡುಗಿಯರೂ ತಮ್ಮ ಬಿ ವಿಭಾಗ ಗೆದ್ದರು. ಆ ಗೆಲುವಿನ ಸುದ್ದಿ ನಿಮ್ಮಲ್ಲಿ ಎಷ್ಟು ಮಂದಿಯ ಮನೆಯಲ್ಲಿ ಮಾತಿಗೆ ಬಂತು ಹೇಳಿ? ಅದೇ ವಾರದ ಧಾರಾವಾಹಿಯ ಸೊಸೆಗೆ ಏನಾಯಿತೆಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು.

ಮೇಲಿನ ವಿಭಾಗಕ್ಕೆ ಹತ್ತಿದ ಮೇಲೇನಾಯಿತು ಎಂಬುದನ್ನೂ ಹೇಳಬೇಕು. 2021ರಲ್ಲಿ ಜೋರ್ಡಾನಿನ ಅಮ್ಮಾನಿನಲ್ಲಿ ನಡೆದ ಏಷ್ಯಾ ಕಪ್ಪಿನಲ್ಲಿ ಜಪಾನಿನವರು ನಮ್ಮನ್ನು 136–46ರಿಂದ ಬಡಿದರು. ‘ನಮ್ಮವರು ಕುಳ್ಳು, ಏನು ಮಾಡೋದು’ ಎಂದವರೇ ಹೆಚ್ಚು. ಜಪಾನಿನವರೇನು ತೆಂಗಿನ ಮರದಷ್ಟು ಎತ್ತರವೇ? ಅವರೂ ಗಿಡ್ಡ ಆಳುಗಳೇ. ಆ ವರ್ಷದ ಆಗಸ್ಟಿನಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ ಎತ್ತರದ ತಂಡಗಳನ್ನು ಓಟದಿಂದ, ದೂರದಿಂದ ಗುರಿಯಿಟ್ಟು ಎಸೆಯುವ ಅಭ್ಯಾಸದಿಂದ ಸೋಲಿಸಿ ಬೆಳ್ಳಿ ಪದಕ ತೆಗೆದುಕೊಂಡರು. ಆ ಅಭ್ಯಾಸ ಆಕಾಶದಿಂದ ಇಳಿಯಲಿಲ್ಲ. ಅಲ್ಲಿ ಶಾಲೆಯ ಕೊನೆಯ ಗಂಟೆ ಹೊಡೆದ ಮೇಲೆ ಮಕ್ಕಳು ಶಾಲೆಯದೇ ಆಟದ ಸಂಘಗಳಲ್ಲಿ ಆಡುತ್ತಾರೆ, ಹುಡುಗಿಯರೂ ಸೇರಿ. ನಮ್ಮಲ್ಲಿ ಕೊನೆಯ ಗಂಟೆ ಹೊಡೆದರೆ ಹುಡುಗ ಬ್ಯಾಟು ಹುಡುಕುತ್ತಾನೆ, ಹುಡುಗಿ ಪೊರಕೆ ಹುಡುಕುತ್ತಾಳೆ.

‘ಜಾಗ ಎಲ್ಲಿದೆ ಮೇಡಂ, ದುಡ್ಡೆಲ್ಲಿದೆ’ ಎನ್ನುತ್ತಾರೆ. ಬಾಸ್ಕೆಟ್‌ಬಾಲ್ ಅಂಗಳ 28 ಮೀಟರ್ ಉದ್ದ, 15 ಮೀಟರ್ ಅಗಲ. ಖೋ ಖೋ ಅಂಗಳಕ್ಕೂ ಹೆಚ್ಚುಕಡಿಮೆ ಅಷ್ಟೇ ಜಾಗ ಬೇಕು. ಖೋ ಖೋಗೆ ಎರಡು ಕಂಬ ನೆಟ್ಟರಾಯಿತು, ಇದಕ್ಕೆ ಗಟ್ಟಿ ನೆಲ, 3.05 ಮೀಟರ್ ಎತ್ತರದಲ್ಲಿ ಎರಡು ಬಳೆ, ಒಂದು ಚೆಂಡು. ಊರಿನ ಕಲ್ಯಾಣ ಮಂಟಪದ ಮುಂದೆ ಒಂದೇ ದಿನದ ಶಾಮಿಯಾನಕ್ಕೆ ಸುರಿಯುವ ದುಡ್ಡನ್ನು ನೆನೆದುಕೊಂಡು ಆಮೇಲೆ ಇದನ್ನು ದುಬಾರಿ ಎನ್ನಿ.

ಎರಡು ಕಂಬ ನೆಟ್ಟರೆ ಏನಾಗುತ್ತದೆಂಬುದಕ್ಕೆ ಸಾಕ್ಷಿ ನಮ್ಮ ಪಕ್ಕದಲ್ಲೇ ಇದೆ. ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲನೆಯ ಖೋ ಖೋ ವಿಶ್ವಕಪ್ಪಿನಲ್ಲಿ ಭಾರತದ ಪರ ಆಡಿದಳು. ಅಂತಿಮ ಪಂದ್ಯದಲ್ಲಿ ನಮ್ಮವರು ನೇಪಾಳವನ್ನು 78–40ರಿಂದ ಸೋಲಿಸಿದರು. ನಮ್ಮದೇ ನೀರು, ನಮ್ಮದೇ ಮಣ್ಣು, ನಮ್ಮದೇ ರಾಗಿ ಅನ್ನ ಉಂಡ ಹುಡುಗಿ. ಹದಿನೈದಕ್ಕೆ ಅವಳನ್ನು ಅಂಗಳದಿಂದ ಎಬ್ಬಿಸಿದ್ದರೆ? ಆ ವಿಶ್ವಕಪ್ಪು ದೆಹಲಿಯಲ್ಲಿ ಹೇಗೂ ನಡೆಯುತ್ತಿತ್ತು, ಕುರುಬೂರಿನ ಹೆಸರು ಮಾತ್ರ ಅಲ್ಲಿರುತ್ತಿರಲಿಲ್ಲ.

ಹೆಣ್ಣಿನ ಸುತ್ತ ಗೆರೆ ಎಳೆಯುವುದು ನಮ್ಮ ಒಬ್ಬರದೇ ಬುದ್ಧಿ ಎಂದೂ ನಾನು ಹೇಳುವುದಿಲ್ಲ. ಬಾಸ್ಕೆಟ್‌ಬಾಲ್ ಹುಟ್ಟಿದ್ದು 1891ರಲ್ಲಿ, ಅಮೆರಿಕದಲ್ಲಿ. ಮರುವರ್ಷವೇ ಸೆಂಡಾ ಬೆರೆನ್ಸನ್ ಎಂಬ ಶಿಕ್ಷಕಿ ಅದನ್ನು ತನ್ನ ಕಾಲೇಜಿನ ಹುಡುಗಿಯರಿಗೆ ಕಲಿಸಿದಳು. ಆದರೆ ಹುಡುಗಿಯರಿಗೆ ಆಯಾಸವಾದೀತೆಂದು ಅಂಗಳವನ್ನು ಮೂರು ಭಾಗ ಮಾಡಿದಳು. ತನ್ನ ಭಾಗದ ಗೆರೆಯನ್ನು ಯಾರೂ ದಾಟುವಂತಿಲ್ಲ! ನಮ್ಮ ಲಕ್ಷ್ಮಣರೇಖೆಯೇ ಸರಿ. ಅಲ್ಲಿನ ಅಯೋವಾ ರಾಜ್ಯದ ಹೈಸ್ಕೂಲು ಹುಡುಗಿಯರಲ್ಲಿ ಅರ್ಧ ಅಂಗಳಕ್ಕೆ ಕಟ್ಟಿಹಾಕುವ ಇಂಥ ಆಟ 1993ರವರೆಗೂ ಉಳಿದಿತ್ತು. ಒಲಿಂಪಿಕ್ಸಿನಲ್ಲಿ ಗಂಡಸರು 1936ರಲ್ಲಿ ಈ ಆಟ ಆಡಿದರೆ ಹೆಂಗಸರಿಗೆ ಬಾಗಿಲು ತೆರೆದದ್ದು 1976ರಲ್ಲಿ, ನಲವತ್ತು ವರ್ಷ ತಡವಾಗಿ. ಅವರೂ ಎಳೆದರು, ಆದರೆ ಅಳಿಸಿದರು. ನಾವು ಪ್ರತಿ ಮಗಳಿಗೂ ಹೊಸದಾಗಿ ಎಳೆಯುತ್ತಿದ್ದೇವೆ.

ಕೆಲವು ವರ್ಷದ ಹಿಂದೆ ನನ್ನ ತರಗತಿಯಲ್ಲೊಬ್ಬಳು ಉದ್ದನೆಯ ಹುಡುಗಿಯಿದ್ದಳು. ಕ್ರೀಡಾ ಹಾಸ್ಟೆಲಿನ ಆಯ್ಕೆಗೆ ಕಳಿಸೋಣವೆಂದು ಪಿ.ಟಿ. ಮೇಷ್ಟ್ರು ಹೇಳಿದರು. ನಾನು ಮನೆಗೆ ಹೋಗಿ ಕೇಳಿದೆ. ಅವಳ ತಾಯಿ ಕಾಫಿ ಕೊಟ್ಟು, ಬಾಗಿಲ ಮರೆಗೆ ಕರೆದು, ‘ಬ್ಯಾಡಿ ಮಿಸ್ಸು, ಅವ್ಳು ದೊಡ್ಡೋಳಾಗವ್ಳೆ. ತೊಡೆ ಕಾಣೋ ಚಡ್ಡಿ ಇಕ್ಕಂಡು ಆಡುದ್ರೆ ನಾಳೆ ಯಾರ್ ಮಾಡ್ಕಂಡಾರು?’ ಎಂದಳು. ಆಕೆಗೆ ಓದು ಬಾರದು, ಕೂಲಿಗೆ ಹೋಗುವ ಹೆಂಗಸು. ಆಕೆಯ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಸಿಟ್ಟು ಪೇಟೆಯ ಅಕ್ಕತಂಗಿಯರ ಮೇಲೆ. ಡಿಗ್ರಿ ಇದೆ, ಸ್ಕೂಟರ್ ಇದೆ, ಮಗಳನ್ನು ಬೆಳಿಗ್ಗೆ ಒಂದು ಟ್ಯೂಷನ್ನಿಗೆ, ಸಂಜೆ ಇನ್ನೊಂದಕ್ಕೆ ಬಿಟ್ಟುಬರುತ್ತೀರಿ. ಆಟ ಎಂದರೆ ಮಾತ್ರ ‘ಬಿಸಿಲಿಗೆ ಕಪ್ಪಾಗ್ತಾಳೆ’, ‘ಮಂಡಿ ಮೇಲೆ ಗಾಯದ ಕಲೆ ಉಳಿಯುತ್ತೆ’, ‘ಎಸ್ಸೆಸ್ಸೆಲ್ಸಿ ವರ್ಷ’. ಆ ಹಳ್ಳಿಯ ತಾಯಿ ಹೇಳಿದ ಮಾತನ್ನೇ ನೀವು ಸ್ವಲ್ಪ ಇಸ್ತ್ರಿ ಮಾಡಿ ಹೇಳುತ್ತಿದ್ದೀರಿ, ಅಷ್ಟೆ.

ಒಂದು ಭಯವನ್ನು ಮಾತ್ರ ನಾನು ತಳ್ಳಿಹಾಕುವುದಿಲ್ಲ. ಹೊರಗೆ ಕಳಿಸಿದ ಮಗಳ ಮೈಮೇಲೆ ಯಾರಾದರೂ ಕೈಹಾಕಿದರೆ ಎಂಬ ಭಯ ಸುಳ್ಳಲ್ಲ. 2023ರಲ್ಲಿ ಪದಕ ಗೆದ್ದ ಕುಸ್ತಿಪಟುಗಳೇ ದೆಹಲಿಯ ಬೀದಿಯಲ್ಲಿ ಕುಳಿತು ಲೈಂಗಿಕ ಕಿರುಕುಳದ ದೂರು ಹೇಳಿಕೊಂಡದ್ದನ್ನು ಎಲ್ಲರೂ ಟಿ.ವಿ.ಯಲ್ಲಿ ನೋಡಿದ್ದೇವೆ. ಅದಕ್ಕೆ ಮದ್ದೇನು? ತಂಡದ ಜೊತೆ ಹೆಂಗಸರೇ ತರಬೇತುದಾರರಾಗಿ ಹೋಗಲಿ ಎಂದು ಕೇಳಬೇಕು. ಅಭ್ಯಾಸದ ಹೊತ್ತಿನಲ್ಲಿ ಇಬ್ಬರು ತಾಯಂದಿರು ಅಂಗಳದ ಅಂಚಿನಲ್ಲಿ ಕೂರಬೇಕು. ದೂರು ಬಂದರೆ ಮುಚ್ಚಿಹಾಕದೆ ಬಾಯಿ ಬಿಡಬೇಕು. ಕಳ್ಳ ಬಂದನೆಂದು ಮಗಳನ್ನೇ ಪೆಟ್ಟಿಗೆಗೆ ಹಾಕಿ ಬೀಗ ಹಾಕುವುದು ಯಾವ ನ್ಯಾಯ?

ಇನ್ನು ನನ್ನ ಜಾತಿಯವರು, ಅಂದರೆ ಶಿಕ್ಷಕರು. ಆಟದ ಪೀರಿಯಡ್ಡನ್ನು ಗಣಿತಕ್ಕೆ, ಇಂಗ್ಲಿಷಿಗೆ ಕಡ ತೆಗೆದುಕೊಳ್ಳುತ್ತಾರೆ. ಆ ಸಾಲ ತೀರಿಸಿದವರನ್ನು ನಾನಿನ್ನೂ ಕಂಡಿಲ್ಲ. ಗಣಿತದ ಪೀರಿಯಡ್ಡನ್ನು ಆಟಕ್ಕೆ ಬಿಟ್ಟುಕೊಟ್ಟವರಂತೂ ಇಲ್ಲವೇ ಇಲ್ಲ. ಹುಡುಗರು ಸಂಜೆ ಬಯಲಿನಲ್ಲಿ ತಮ್ಮ ಪಾಲನ್ನು ಹೇಗೋ ವಸೂಲು ಮಾಡಿಕೊಳ್ಳುತ್ತಾರೆ. ಹುಡುಗಿಗೆ ಶಾಲೆಯ ಆ ನಲವತ್ತು ನಿಮಿಷ ಹೋದರೆ ಎಲ್ಲವೂ ಹೋದಂತೆ.

ಎಲ್ಲರ ಮಗಳೂ ದೇಶಕ್ಕೆ ಆಡಲಾರಳು, ಬಲ್ಲೆ. ಒಂದು ತಂಡಕ್ಕೆ ಬೇಕಾದವರು ಹನ್ನೆರಡೇ ಮಂದಿ. ಆದರೆ ಆ ಹನ್ನೆರಡು ಮಂದಿಯನ್ನು ಸಾವಿರಾರು ಹುಡುಗಿಯರೊಳಗಿಂದ ಆರಿಸಬೇಕು, ಮನೆಯವರು ಬಿಟ್ಟುಕೊಟ್ಟ ನಾಲ್ಕು ಜನರೊಳಗಿಂದ ಅಲ್ಲ. ಉಳಿದವರಿಗೆ ಏನು ಸಿಕ್ಕಿತು ಎನ್ನುತ್ತೀರಾ? ಜೋರಾಗಿ ಕೂಗುವ ಗಂಟಲು, ಬಿದ್ದರೆ ಏಳುವ ಅಭ್ಯಾಸ, ಸೋತ ದಿನವೂ ಎದುರಾಳಿಯ ಕೈಕುಲುಕುವ ಗುಣ. ಅತ್ತೆಮನೆಗೆ ಕಳಿಸುವಾಗ ಕೊಡುವ ಬಳುವಳಿಗಳಲ್ಲಿ ಇದಕ್ಕಿಂತ ಬಾಳಿಕೆ ಬರುವುದು ಯಾವುದಿದೆ?

ಮುಂದಿನ ಸಲ ಪೋಷಕರ ಸಭೆಗೆ ಹೋದಾಗ ಮಗಳ ಅಂಕಪಟ್ಟಿಯ ಜೊತೆಗೆ ವೇಳಾಪಟ್ಟಿಯನ್ನೂ ಕೇಳಿ ನೋಡಿ. ಆಟದ ಪೀರಿಯಡ್ಡು ಎಲ್ಲಿದೆ, ಅದರಲ್ಲಿ ನಿಜವಾಗಿ ಏನು ನಡೆಯುತ್ತದೆ, ನನ್ನ ಮಗಳು ಆಡುತ್ತಾಳೋ ಚೀಲ ಕಾಯುತ್ತಾಳೋ ಎಂದು ವಿಚಾರಿಸಿ. ಉತ್ತರ ಸರಿಬರದಿದ್ದರೆ ಜಗಳವಾಡಿ. ಟ್ಯೂಷನ್ ಫೀಸು ಐವತ್ತು ರೂಪಾಯಿ ಹೆಚ್ಚಾದರೆ ಆಡುತ್ತೀರಲ್ಲ, ಅಷ್ಟು ಜೋರಾಗಿ ಆಡಿದರೆ ಸಾಕು.