ಹೆತ್ತವರ ನಡಿಗೆಯೇ ಪ್ರವಾಸದ ಅಳತೆಯಾಗಲಿ

ಉಡುಪಿ, ಕಾಪು, ಕಾರ್ಕಳ ಪರಿಸರದ ಅನೇಕ ಮುಸ್ಲಿಮ್ ಕುಟುಂಬಗಳ ಬದುಕು ಗಲ್ಫ್ ದುಡಿಮೆಯೊಂದಿಗೆ ಬೆಸೆದುಕೊಂಡಿದೆ. ಯೌವನದಲ್ಲಿ ಊರು ಬಿಟ್ಟ ಮಕ್ಕಳು ಒಂದು ನೆಲೆ ಕಂಡ ಮೇಲೆ ಹೆತ್ತವರನ್ನು ಕರೆಸಿ ದುಬೈ ತೋರಿಸಬೇಕೆಂದು ಹಂಬಲಿಸುತ್ತಾರೆ. ಇದು ಮೆಚ್ಚತಕ್ಕ ಹಂಬಲವೇ. ಆದರೆ ಆ ವೇಳೆಗೆ ತಂದೆಯ ಕೈಗೆ ಊರುಗೋಲು ಬಂದಿರುತ್ತದೆ; ತಾಯಿಯ ಮೊಣಕಾಲು ಸೋತಿರುತ್ತದೆ. ಆಗ ನಾವು ಎರಡರಲ್ಲಿ ಒಂದು ತಪ್ಪು ಮಾಡುತ್ತೇವೆ. ಈ ವಯಸ್ಸಿನಲ್ಲಿ ಪ್ರವಾಸವೇಕೆ ಎಂದು ಅವರನ್ನು ಮನೆಯಲ್ಲೇ ಉಳಿಸುತ್ತೇವೆ. ಇಲ್ಲವೇ ಕರೆದೊಯ್ದು, ನಮ್ಮ ವೇಗಕ್ಕೆ ಎಳೆದಾಡಿ, ದಣಿದಾಗ ಕೋಣೆಯಲ್ಲಿ ಕೂರಿಸಿ, ನಾವು ಮಾತ್ರ ಊರು ಸುತ್ತುತ್ತೇವೆ.

ಜಮಾಅತಿನ ನಮಾಝನ್ನು ದೀರ್ಘಗೊಳಿಸದಂತೆ ಪ್ರವಾದಿಯವರು(ಸ) ಇಮಾಮರಿಗೆ ಆದೇಶಿಸಿದ್ದರು. ಹಿಂದೆ ನಿಂತವರಲ್ಲಿ ದುರ್ಬಲರೂ ರೋಗಿಗಳೂ ವೃದ್ಧರೂ ಇರುತ್ತಾರೆಂಬುದು ಅದಕ್ಕೆ ಕಾರಣ. ಆರಾಧನೆಯಲ್ಲೇ ದುರ್ಬಲರನ್ನು ಹೀಗೆ ಪರಿಗಣಿಸುವುದಾದರೆ, ವಿಹಾರದಲ್ಲಿ ಅದು ಇನ್ನೂ ಸಲ್ಲಬೇಕಲ್ಲವೇ?

ಗಾಲಿಕುರ್ಚಿಯಲ್ಲಿ ಕುಳಿತುಕೊಳ್ಳಲು ನಮ್ಮ ಹಿರಿಯರಿಗೆ ಸಂಕೋಚ. ಊರವರು ಕಂಡರೆ ಏನೆಂದಾರು ಎಂಬ ಅಳುಕು. ಉಮ್ಮು ಸಲಮಾ(ರ) ಅಸ್ವಸ್ಥರಾಗಿದ್ದಾಗ, ಜನರ ಹಿಂದಿನಿಂದ ವಾಹನದ ಮೇಲೆ ಕುಳಿತೇ ತವಾಫ್ ಮಾಡುವಂತೆ ಪ್ರವಾದಿಯವರು(ಸ) ಸೂಚಿಸಿದ ಸಂಗತಿಯನ್ನು ಅವರಿಗೆ ನೆನಪಿಸೋಣ. ಕಅಬಾದ ಅಂಗಳದಲ್ಲೇ ಸಲ್ಲುವ ರಿಯಾಯಿತಿ ವಿಮಾನ ನಿಲ್ದಾಣದಲ್ಲಿ ಅವಮಾನವಾಗುವುದಾದರೂ ಹೇಗೆ?

ಆದ್ದರಿಂದ ಟಿಕೆಟ್ ಕಾಯ್ದಿರಿಸುವಾಗಲೇ ಗಾಲಿಕುರ್ಚಿ ಬೇಕೆಂದು ತಿಳಿಸಬೇಕು. ದೂರ ನಡೆಯಲಾರರೇ, ಮೆಟ್ಟಿಲನ್ನೂ ಏರಲಾರರೇ, ಆಸನದವರೆಗೂ ಒಯ್ಯಬೇಕೇ ಎಂಬ ಮೂರು ಬಗೆಗಳನ್ನು ವಿಮಾನ ಸಂಸ್ಥೆಗಳು ಬೇರೆ ಬೇರೆಯಾಗಿ ಪರಿಗಣಿಸುತ್ತವೆ. ಸಂಕೋಚದಿಂದ ಇಲ್ಲಿ ಸುಳ್ಳು ಹೇಳಿದರೆ ಕಷ್ಟಪಡುವವರು ಅವರೇ.

ಎತ್ತರಕ್ಕಿಂತ ದೂರವೇ ಹೆಚ್ಚು ದಣಿಸುತ್ತದೆ ಎಂಬುದನ್ನೂ ಅರಿತಿರಬೇಕು. ಕಾಪು ದೀಪಸ್ತಂಭದ ಮೆಟ್ಟಿಲು ಹತ್ತಲಾರದ ತಾಯಿ ಬುರ್ಜ್ ಖಲೀಫಾದ 124ನೇ ಅಂತಸ್ತನ್ನು ಲಿಫ್ಟಿನಲ್ಲಿ ಸುಮಾರು ಒಂದು ನಿಮಿಷದಲ್ಲಿ ತಲುಪಬಲ್ಲರು. ಆದರೆ ಮೆಟ್ರೋ ನಿಲ್ದಾಣದಿಂದ ದುಬೈ ಮಾಲ್‌ಗೆ ಹೋಗುವ ಸೇತುವೆಯೇ ಸುಮಾರು 800 ಮೀಟರ್ ಉದ್ದವಿದೆ. ಚಲಿಸುವ ಹಾದಿ ಇದ್ದರೂ ಅದನ್ನು ಹತ್ತಿ ಇಳಿಯಲು ಕಾಲಿಗೆ ಸ್ಥಿರತೆ ಬೇಕು. ಅಲ್ಲಿ ಟ್ಯಾಕ್ಸಿಯೇ ಲೇಸು. ಹೊರಡುವ ಮೊದಲು ಒಂದು ಸಂಜೆ ಅವರನ್ನು ಮಲ್ಪೆ ಅಥವಾ ಕಾಪು ಕಡಲತೀರಕ್ಕೆ ಕರೆದೊಯ್ಯೋಣ. ಎಷ್ಟು ಹೆಜ್ಜೆಗೊಮ್ಮೆ ನಿಲ್ಲುತ್ತಾರೆ, ಎಷ್ಟು ಹೊತ್ತಿಗೊಮ್ಮೆ ಶೌಚಾಲಯ ಬೇಕಾಗುತ್ತದೆ ಎಂಬುದನ್ನು ನೋಡಿದರೆ, ಒಂದು ದಿನಕ್ಕೆ ಎಷ್ಟು ತಾಣಗಳು ಸಾಕು ಎಂಬುದು ತಾನಾಗಿ ತಿಳಿಯುತ್ತದೆ. ಬಹುತೇಕರಿಗೆ ಒಂದೇ ಸಾಕು.

ಕಾಲದ ಆಯ್ಕೆಯೂ ಮುಖ್ಯ. ಮೊಮ್ಮಕ್ಕಳ ಶಾಲಾ ರಜೆಯನ್ನು ನೋಡಿ ಜುಲೈ, ಆಗಸ್ಟಿನಲ್ಲಿ ಕರೆಸಿದರೆ 40 ಡಿಗ್ರಿ ಮೀರಿದ ಬಿಸಿಲಿನಲ್ಲಿ ಅವರು ಹೊರಗೆ ಕಾಲಿಡಲಾರರು. ನವೆಂಬರಿನಿಂದ ಮಾರ್ಚ್‌ವರೆಗಿನ ದಿನಗಳು ಹಿತಕರ. ಔಷಧಿಗಳ ವಿಷಯದಲ್ಲಿ ಎಚ್ಚರ ಅಗತ್ಯ. ಟ್ರಮಡಾಲ್, ಕೊಡೀನ್ ಇರುವ ನೋವಿನ ಮಾತ್ರೆ, ಕೆಮ್ಮಿನ ಸಿರಪ್‌ಗಳು ಯುಎಇಯಲ್ಲಿ ನಿಯಂತ್ರಿತ ಔಷಧಿಗಳು. ಅವುಗಳಿಗೆ ಮುಂಚಿತ ಅನುಮತಿ ಬೇಕು. ಮಣಿಪಾಲದಲ್ಲೋ ಊರಿನಲ್ಲೋ ನೋಡುವ ವೈದ್ಯರಿಂದ ಚೀಟಿ ಬರೆಸಿ, ಮಾತ್ರೆಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ಪ್ರಯಾಣ ವಿಮೆ ಮಾಡಿಸುವಾಗ ಮೊದಲೇ ಇರುವ ಕಾಯಿಲೆಗಳನ್ನು ಮರೆಮಾಚಬಾರದು.

ಇಷ್ಟೆಲ್ಲ ಸಿದ್ಧತೆ ಮಾಡುವ ನಾವು ಒಂದು ಪ್ರಶ್ನೆಯನ್ನು ಮಾತ್ರ ಕೇಳುವುದಿಲ್ಲ: ನಿಮಗೆ ಏನನ್ನು ನೋಡಬೇಕೆನಿಸುತ್ತದೆ? ಇಪ್ಪತ್ತರ ಹರೆಯದಲ್ಲಿ ಮನೆ ಬಿಟ್ಟ ಮಗ ಎಲ್ಲಿ ಮಲಗುತ್ತಿದ್ದ, ಯಾವ ಅಂಗಡಿಯಲ್ಲಿ ದುಡಿದ, ಯಾವ ಮಸೀದಿಯಲ್ಲಿ ಜುಮುಆ ನಮಾಝ್ ಮಾಡಿದ ಎಂಬುದನ್ನು ಕಾಣಲು ಎಷ್ಟೋ ತಾಯಂದಿರು ವರ್ಷಗಟ್ಟಲೆ ಕಾದಿರುತ್ತಾರೆ. ಗಗನಚುಂಬಿ ಕಟ್ಟಡಗಳು ಅವರಿಗೆ ಆಮೇಲಿನ ಮಾತು. "ಪರವಾಗಿಲ್ಲ ಮಗನೇ, ನೀವು ಹೋಗಿ ಬನ್ನಿ" ಎಂದು ಅವರು ಹೇಳಿದರೆ ಅದನ್ನು ಒಪ್ಪಿಗೆಯೆಂದು ಭಾವಿಸಬೇಡಿ. ಅನೇಕ ಬಾರಿ ಅದು ನೋವನ್ನು ಮುಚ್ಚಿಡುವ ಮಾತು.

ಮಾತಾಪಿತರ ಮುಂದೆ ಬೇಸರದ ಒಂದು ಉದ್ಗಾರವನ್ನೂ ತೆಗೆಯಬಾರದೆಂದು ಪವಿತ್ರ ಕುರ್‌ಆನ್ (17:23) ನಿಷೇಧಿಸಿದೆ. ನಾಲಿಗೆ ಆಡದ ಆ ಬೇಸರ ಗಡಿಯಾರ ನೋಡುವ ಕಣ್ಣಿನಲ್ಲೂ, ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಲ್ಲುವ ಕಾಲಿನಲ್ಲೂ ಕಾಣಿಸಿಕೊಳ್ಳುತ್ತದೆ. ಹೆತ್ತವರನ್ನು ಕರೆದೊಯ್ಯುವವರು ಆ ದಿನಗಳ ಮಟ್ಟಿಗಾದರೂ ಅವರ ಪಕ್ಕದಲ್ಲೇ ನಡೆಯಲಿ.