ಸತ್ತಿದ್ದು ಕ್ಯಾಮೆರಾ ಅಲ್ಲ ಸ್ವಾಮಿ!

ಭಾನುವಾರಕ್ಕೊಮ್ಮೆ ಡೊಂಬಿವಲಿಯಿಂದ ಧಾರವಾಡದ ಅವ್ವನಿಗೆ ಮುಖ ತೋರಿಸಬೇಕು. ಮೂರು ವಾರ ಲ್ಯಾಪ್‌ಟಾಪಿನಲ್ಲಿ ನನ್ನ ಮುಖದ ಜಾಗ ಬರೀ ಕಪ್ಪು. "ಆರಾಮಿಲ್ಲೇನೋ, ಮುಚ್ಚಿಡ್ತೀಯೇನು?" ಅಂತ ಅವ್ವ ಅತ್ತೇಬಿಟ್ಟಳು.

ರಿಪೇರಿಯವ "ಕ್ಯಾಮೆರಾ ಸತ್ತಿದೆ, ನಾಲ್ಕು ಸಾವಿರ" ಎಂದ. ವೋಚರ್ ನೋಡದೆ ಪಾಸ್ ಮಾಡುವವರಲ್ಲ ನಾವು ಬ್ಯಾಂಕಿನವರು. ಪಕ್ಕದ ಪುಟ್ಟ ದೀಪ ಉರಿಯುತ್ತಿದೆಯಲ್ಲ, ಸತ್ತದ್ದು ಹೇಗೆ? ನೋಡಿದರೆ ಲೆನ್ಸಿನ ಮೇಲೆ ಎಳ್ಳುಕಾಳಿನಷ್ಟು ಮುಚ್ಚಳ! ಧೂಳು ಒರೆಸುವಾಗ ನಾನೇ ಸರಿಸಿರಬೇಕು.

ಮುಚ್ಚಳ ಬೇಕು, ಒಪ್ಪುತ್ತೇನೆ. ಆದರೆ ಕಪ್ಪು ಚೌಕಟ್ಟಿಗೆ ಕಪ್ಪು ಮುಚ್ಚಳವೇ ಯಾಕೆ? ಕೆಂಪು ಬಳಿದರೆ ಕಂಪನಿ ಮುಳುಗುತ್ತದೆಯೇ? (ದೀಪವೇ ಹತ್ತದಿದ್ದರೆ ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿಗೆ ಹೋಗಿ ಕ್ಯಾಮೆರಾ ಅನುಮತಿ ನೋಡಿ. ಅಂಗಡಿ ಆಮೇಲೆ.)

ನಾಲ್ಕು ಸಾವಿರ ಉಳಿಯಿತು, ಸರಿ. ಹೋದ ಮೂರು ಭಾನುವಾರಗಳನ್ನು ಅವ್ವನಿಗೆ ಯಾರು ವಾಪಸ್ ಕೊಡುತ್ತಾರೆ?